ಟವೆಲಿನ ಕೆಳಗೆ ಕುಂಟಿದ ಕಾಲು

ಇದನ್ನು ಹೇಳಲು ಕುಳಿತಾಗಲೆಲ್ಲ ನನಗೆ ಬೇರೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಮ್ಮೆ ಮಾಳಿಗೆಯ ಮೇಲೆ ಒಣಹಾಕಿದ ತೊಗರಿ, ಒಮ್ಮೆ ಕನ್ನಡಕದ ಸಡಿಲ ಮೊಳೆ, ಒಮ್ಮೆ ಸೈಕಲ್ಲಿನ ಗಾಳಿ. ಸೈಕಲ್ಲು ಮಾರಿ ಎಷ್ಟೋ ವರ್ಷವಾಗಿದೆ. ಆದರೂ ಅದರ ಗಾಳಿಯ ಚಿಂತೆ ನನ್ನನ್ನು ಎಬ್ಬಿಸಿ ಹೊರಗೆ ಕಳಿಸುತ್ತಿತ್ತು. ಸುಳ್ಳು ಹೇಳುವುದಕ್ಕೆ ನನಗೆ ಒಂದು ಕ್ಷಣ ಸಾಕಾಗಿತ್ತು. ಅದು ಸುಳ್ಳು ಎಂದು ಒಪ್ಪಿಕೊಳ್ಳುವ ಹೊತ್ತಿಗೆ ತಲೆಯ ಕೂದಲೆಲ್ಲ ಹೋಗಿದೆ. ಈಗ ತೊಗರಿ ಚೀಲ ಸೇರಿದೆ, ಮೊಳೆ ಬಿಗಿಯಾಗಿದೆ, ಎದ್ದು ಹೋಗಲು ನೆಪ ಉಳಿದಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿ ನಮ್ಮ ದೋರನಹಳ್ಳಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬಲತೊಡೆಯ ಎಲುಬು ಮುರಿದುಕೊಂಡಳು. ಯಾದಗಿರಿಯಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. ಎಲುಬು ಚೆನ್ನಾಗಿ ಕೂಡಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಕೆಲಸ ಮುಗೀತ್ರಿ. ಇನ್ನ ಇವರ ಕೆಲಸ," ಎಂದು ನನ್ನ ಹೆಂಡತಿಯ ಕಡೆ ಕೈ ಮಾಡಿದರು. "ಈಗ ನಡದ್ರ ನಡೀತಾರ. ಈಗ ಕುಂತ್ರ ಕುಂತೇ ಬಿಡ್ತಾರ."

ನಡಿಗೆ ಕಲಿಸುವುದಕ್ಕೆ ಅಲ್ಲಿ ಒಂದು ದೊಡ್ಡ ಕೋಣೆ ಇದೆ. ನಡುವೆ ಎರಡು ಉದ್ದನೆಯ ಕಬ್ಬಿಣದ ಸರಳು, ಅವುಗಳ ತುದಿಗೆ ಆಳೆತ್ತರದ ಕನ್ನಡಿ, ಗೋಡೆಗುಂಟ ಬೆಂಚು. ಬೆಂಚಿನ ಮೇಲೆ ಸರದಿ ಕಾಯುವ ಮಂದಿ: ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮುದುಕ, ಬೆನ್ನು ಹಿಡಿದ ಲಾರಿ ಡ್ರೈವರು, ಹೆಗಲಿಗೆ ಬಿಸಿ ಶಾಖದ ಚೀಲ ಹೊತ್ತ ಬಳಿಚಕ್ರ ಊರಿನ ಒಬ್ಬ ಹೆಣ್ಣುಮಗಳು. ಅವರಿಗೆ ನೋಡಲು ಬೇರೆ ಏನೂ ಇರಲಿಲ್ಲ. ಆದ್ದರಿಂದ ಸರಳಿನ ನಡುವೆ ಯಾರಾದರೂ ನಿಂತರೆ ಸಿನಿಮಾ ಶುರುವಾದಂತೆ ನೋಡುತ್ತಿದ್ದರು.

ವ್ಯಾಯಾಮ ಮಾಡಿಸುವವಳು ಸುರಪುರದ ಕಡೆಯ ಹುಡುಗಿ. ಚುರುಕು ಮಾತು. "ಆಯಿ, ನಡಿಗಿ ಅಂದ್ರ ದೊಡ್ಡ ಮಾತಲ್ಲ," ಎಂದಳು. "ಮುಂದಕ್ಕ ಬೀಳೋದು, ಬೀಳೋದ್ರಾಗ ಕಾಲು ಕೊಟ್ಟು ತಡ್ಯೋದು. ಮತ್ತ ಬೀಳೋದು, ಮತ್ತ ತಡ್ಯೋದು. ಅಷ್ಟೇ ನೋಡ್ರಿ."

"ಬಿದ್ದೇ ಬಂದೀನವಾ ಇಲ್ಲಿಗೆ," ಎಂದಳು ನನ್ನ ಹೆಂಡತಿ. "ಮತ್ತ ಬೀಳಂತಿಯಲ್ಲ."

ಬೆಂಚಿನವರು ನಕ್ಕರು. ಅವಳು ಸರಳು ಹಿಡಿದು ಎದ್ದಳು. ಎದ್ದವಳು ಬೆಂಚಿನ ಕಡೆ ನೋಡಿದಳು, ಕನ್ನಡಿಯ ಕಡೆ ನೋಡಿದಳು, ಹಾಗೇ ಹಿಂದಿನ ಕುರ್ಚಿಯಲ್ಲಿ ಕುಳಿತುಬಿಟ್ಟಳು.

"ಮಂದಿ ಮುಂದ ನಾ ನಡ್ಯಂಗಿಲ್ಲ."

"ಇವರೆಲ್ಲ ನಿಮ್ಮಂಗ ಪೇಷಂಟೇ ಅದಾರ ಆಯಿ."

"ಅವರ ಕಣ್ಣು ಪೇಷಂಟ್ ಆಗ್ಯಾವೇನು?"

ಮರುದಿನವೂ ಇದೇ, ಅದರ ಮರುದಿನವೂ ಇದೇ. ದೋರನಹಳ್ಳಿಯಿಂದ ಆಟೋ ಮಾಡಿಕೊಂಡು ಭೀಮಾ ನದಿಯ ಸೇತುವೆ ದಾಟಿ ಬರುವುದು, ಸರಳು ಹಿಡಿದು ಎದ್ದು ಕೂಡುವುದು, ವಾಪಸು ಹೋಗುವುದು. ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, "ಮುತ್ಯಾ, ಕಾಲಾಗ ಏನೂ ಇಲ್ರಿ. ತಲಿಯಾಗ ಏನೋ ಅದ. ಹಿಂಗ ಕುಂತ್ರ ಕಾಲಿನ ಶಕ್ತಿ ಎಲ್ಲಾ ಹೋಗ್ತದ. ಆಮ್ಯಾಲ ನಾನೂ ಏನೂ ಮಾಡಾಕ ಬರಂಗಿಲ್ಲ. ಯಾಕ ಅಂಜತಾರ, ನಿಮಗೇನರ ಗೊತ್ತದೇನ್ರಿ?" ಎಂದು ಕೇಳಿದಳು.

ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ತಲೆ ಎತ್ತಿ ಫ್ಯಾನು ನೋಡಿದೆ.

ಸಣ್ಣವನಿದ್ದಾಗಿನಿಂದ ನನಗೆ ಒಂದು ಚಟವಿತ್ತು, ಜನರ ನಡಿಗೆ ನೋಡುವುದು. ಮುಖ ಕಾಣದಷ್ಟು ದೂರದಲ್ಲಿ ಹೊಲದ ದಾರಿಯಲ್ಲಿ ಬರುವವರು ಯಾರೆಂದು ಹೇಳುತ್ತಿದ್ದೆ. ಒಬ್ಬರ ಭುಜ ಮುಂದೆ, ಒಬ್ಬರ ಹೊಟ್ಟೆ ಮುಂದೆ, ಇನ್ನೊಬ್ಬರು ಪ್ರತಿ ಹೆಜ್ಜೆಗೂ ಯಾರಿಗೋ ಇಲ್ಲವೆಂದು ಹೇಳುವವರ ಹಾಗೆ ಕತ್ತು ಅಲುಗಿಸುವರು. ನೋಡಿದ್ದನ್ನು ನಡೆದೂ ತೋರಿಸುತ್ತಿದ್ದೆ. ಹೈಸ್ಕೂಲಿನಲ್ಲಿ ಒಮ್ಮೆ ನಮ್ಮ ಹೆಡ್ಮಾಸ್ತರ ನಡಿಗೆಯನ್ನು ವರಾಂಡದುದ್ದಕ್ಕೂ ನಡೆದು ತೋರಿಸಿ ತಿರುಗಿದರೆ ಹೆಡ್ಮಾಸ್ತರೇ ನಿಂತಿದ್ದರು. ಹೊಡೆಯಲಿಲ್ಲ. "ನಾ ಹಿಂಗ ನಡೀತೀನೇನಲೇ?" ಎಂದು ಮೆಲ್ಲಗೆ ಕೇಳಿ ಹೋದರು. ಮರುದಿನದಿಂದ ಅವರ ನಡಿಗೆ ಕೆಟ್ಟುಹೋಯಿತು. ಎಡಗೈ ಬೀಸಬೇಕೋ ಬಲಗೈ ಬೀಸಬೇಕೋ ತಿಳಿಯದೆ ಎರಡನ್ನೂ ಹಿಂದೆ ಕಟ್ಟಿಕೊಂಡು ನಡೆಯತೊಡಗಿದರು. ಆಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅದರಿಂದ ಏನಾದರೂ ಕಲಿತಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ.

ಮೆಟ್ರಿಕ್ ಮುಗಿಸಿ ಮನೆಯಲ್ಲಿ ಖಾಲಿ ಕುಳಿತಿದ್ದಾಗ ಸುರಪುರದ ಎತ್ತಿನ ದಲ್ಲಾಳಿಯೊಬ್ಬರು ನನ್ನನ್ನು ಜೊತೆಗೆ ಹಾಕಿಕೊಂಡರು. ನಮ್ಮವರೇ, ದೂರದ ಬಳಗ. ನಾನು ಕಾಕಾ ಎನ್ನುತ್ತಿದ್ದೆ. ದನದ ಸಂತೆಯಲ್ಲಿ ಎತ್ತನ್ನು ನಡೆಸಿ ನೋಡುವುದು ನನ್ನ ಕೆಲಸ. ಯಾವ ಗೊರಸನ್ನು ಅನುಮಾನದಿಂದ ಊರುತ್ತದೆ, ಯಾವ ಕಾಲನ್ನು ಅವಸರದಲ್ಲಿ ಎತ್ತುತ್ತದೆ ಎಂದು ನಾನು ಹೇಳಬೇಕು. ಆದರೆ ಬಾಯಿಂದ ಹೇಳುವಂತಿಲ್ಲ, ಮಾರುವವನು ಎದುರಿಗೇ ಇರುತ್ತಾನೆ. ಸಂತೆಯಲ್ಲಿ ದರದ ಮಾತು ಟವೆಲಿನ ಕೆಳಗೆ ಬೆರಳು ಹಿಡಿದು ನಡೆಯುವುದು ಎಲ್ಲರಿಗೂ ಗೊತ್ತು. ಕಾಕಾ ಅದೇ ಟವೆಲಿನ ಕೆಳಗೆ ನನ್ನೊಂದಿಗೆ ಬೇರೆ ಭಾಷೆ ಮಾಡಿಕೊಂಡಿದ್ದರು. ನಾನು ಅವರ ಹೆಬ್ಬೆರಳು ಒತ್ತಿದರೆ ಎತ್ತು ಚಲೋ. ಕಿರುಬೆರಳು ಒತ್ತಿದರೆ ಕಾಲಲ್ಲಿ ಐಬು. ಕಿರುಬೆರಳನ್ನು ಎಡಕ್ಕೆ ತಿರುವಿದರೆ ಎಡಗಾಲು, ಬಲಕ್ಕೆ ತಿರುವಿದರೆ ಬಲಗಾಲು.

ಕಾಕಾ ತಮ್ಮ ಮಗನಿಗೆ ಹೆಣ್ಣು ನೋಡಲು ಶಹಾಪುರಕ್ಕೆ ಹೊರಟಾಗ ನನ್ನನ್ನೂ ಕರೆದರು. ಆ ಕಾಲದಲ್ಲಿ ನಮ್ಮ ಕಡೆ ಹುಡುಗಿಯನ್ನು ನಡೆಸಿ ನೋಡದೆ ಮಾತು ಮುಂದುವರಿಯುತ್ತಿರಲಿಲ್ಲ. "ನಿನ್ನ ಕಣ್ಣಿಗೆ ತಪ್ಪೂದಿಲ್ಲ, ನೀ ಬಾ," ಎಂದರು. ದಾರಿಯಲ್ಲಿ ಅವರ ಮಗ ನನ್ನ ಕಿವಿಯಲ್ಲಿ, "ನಮ್ಮಪ್ಪ ಹಲ್ಲು ಬಿಡಿಸಿ ನೋಡದಿದ್ರ ಸಾಕು," ಎಂದ.

ಹುಡುಗಿಯ ಅಪ್ಪ ಗೌಂಡಿ. ಪರಸಿ ಕಲ್ಲಿನ ನೆಲ ಹಾಕುವುದರಲ್ಲಿ ಶಹಾಪುರದಲ್ಲಿ ಅವರಿಗೆ ಹೆಸರಿತ್ತು. ಅವರ ಮನೆಯ ಪಡಸಾಲೆಯ ಪರಸಿಯನ್ನು ಕಲ್ಲಿಗೆ ಕಲ್ಲು ಸಂದು ಕಾಣದಂತೆ ಕೂಡಿಸಿದ್ದರು. ತೆರೆದ ಬಾಗಿಲಿಂದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಕಾಣುತ್ತಿತ್ತು. ನಡೆಯದೆ ಮಲಗಿರುವುದರಿಂದ, ನಡಿಗೆಗೆ ನಾನು ಹೆಸರಿಡಲಾಗದವನು ಆ ಊರಲ್ಲಿ ಆ ಬುದ್ಧನೊಬ್ಬನೇ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಹುಡುಗಿ ಚಹಾದ ತಾಟು ಹಿಡಿದು ಬಂದಳು.

ನಾನು ಅಲ್ಲಿಯವರೆಗೆ ಅಂಥ ನಡಿಗೆ ನೋಡಿರಲಿಲ್ಲ. ಹಿಮ್ಮಡಿ ನೆಲ ಮುಟ್ಟಿತು, ಅದರ ಹಿಂದೆಯೇ ಪಾದವೆಲ್ಲ ಮೆತ್ತಗೆ ಇಳಿಯಿತು, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ದಬ್ಬಿತು. ಎಡಕ್ಕೂ ಹಾಗೇ, ಬಲಕ್ಕೂ ಹಾಗೇ. ತಾಟಿನ ಮೇಲಿನ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡಲಿಲ್ಲ. ಚಹಾ ಬಸಿಗೆ ಚೆಲ್ಲಿರಲಿಲ್ಲ. ಕಾಕಾನ ಮಗ ಮಿರ್ಚಿ ಭಜಿಯ ಪ್ಲೇಟು ನೋಡುತ್ತಿದ್ದ. ಈ ನಡಿಗೆ ಇವನ ಮನೆಗೆ ಹೋಗಿ ಏನು ಮಾಡಬೇಕು ಎಂದು ನನ್ನ ಹೊಟ್ಟೆಯಲ್ಲಿ ಏನೋ ಉರಿಯಿತು.

ಕಾಕಾ ಹೆಗಲ ಮೇಲಿನ ಟವೆಲನ್ನು ಮೊಣಕಾಲ ಮೇಲೆ ಹಾಸಿಕೊಂಡು, ಅದರ ಕೆಳಗೆ ನನ್ನ ಕಡೆ ಕೈ ಚಾಚಿದರು.

ನಾನು ಕಿರುಬೆರಳು ಹಿಡಿದೆ. ಎಡಕ್ಕೆ ತಿರುವಿದೆ.

ಕಾಕಾ ನನ್ನ ಮುಖ ನೋಡಿದರು. ನಾನು ಚುರುಮುರಿ ಸುಸಲಾ ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಅಗಿಯುತ್ತಿದ್ದೆ. "ತಂಗಿ, ಜರಾ ನೀರು ತಂದು ಕೊಡವಾ," ಎಂದರು ಕಾಕಾ. ನೀರಿನ ತಂಬಿಗೆ ಅವರ ಎದುರಿಗೇ ಇತ್ತು. ಅವಳು ತಂದುಕೊಟ್ಟಳು. "ಆ ಬಾಗಲಾ ಜರಾ ಮುಂದಕ ಮಾಡವಾ, ಬಿಸಲು ಬರ್ತದ." ಅವಳು ಹೋಗಿ ಬಾಗಿಲು ಮುಂದೆ ಮಾಡಿದಳು. ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ತನ್ನ ಪಾದದ ಮೇಲೆ ಇರುವುದು ಅವಳಿಗೆ ತಿಳಿದಿತ್ತು. ಎತ್ತಿಗೆ ನೋಡುವವರ ಗೊಡವೆ ಇರುವುದಿಲ್ಲ, ಮನುಷ್ಯರಿಗೆ ಇರುತ್ತದೆ. ವಾಪಸು ಬರುವಾಗ ಅವಳ ಎಡಗಾಲು ನಿಜವಾಗಿಯೂ ತಡವರಿಸಿತು. ಕಾಕಾ ಟವೆಲಿನ ಕೆಳಗೆ ನನ್ನ ಕೈ ಅದುಮಿದರು, ಭಲೇ ಎನ್ನುವಂತೆ.

ಹುಡುಗಿ ಚಲೋ, ಎಡಗಾಲು ಜರಾ ಎಳೆಯುತ್ತದೆ ಎಂದು ಸುರಪುರದಿಂದ ಸುದ್ದಿ ಹೋಯಿತು. ಆ ಸುದ್ದಿ ನೆಟ್ಟಗೆ ನಡೆಯಿತು. ಅದಕ್ಕೆ ಯಾವ ಕಾಲೂ ಎಳೆಯಲಿಲ್ಲ.

ಕೆಲವು ತಿಂಗಳ ಮೇಲೆ ನಾನು ನಮ್ಮವ್ವನ ಬೆನ್ನು ಬಿದ್ದೆ, ಶಹಾಪುರದ ಆ ಹುಡುಗಿಯನ್ನು ನನಗೆ ಕೇಳೆಂದು.

"ಕುಂಟ್ತಾಳ ಅಂತ ನೀನೇ ಹೇಳಿದ್ದೆಲ್ಲೋ," ಎಂದಳು ಅವ್ವ.

ಇದಕ್ಕೆ ನಾನು ತಯಾರಾಗಿರಲಿಲ್ಲ. ತಯಾರಾಗಿರದೆ ಹೇಳುವ ಸುಳ್ಳು ಯಾವಾಗಲೂ ಚೆನ್ನಾಗಿ ಬರುತ್ತದೆ. "ಕಾಲಿಂದಲ್ಲಬೇ, ಅದು ನೆಲದ್ದು," ಎಂದೆ. "ಅವರ ಪಡಸಾಲಿ ಪರಸಿ ಬಾಗಲ ಕಡಿ ವಾಟ ಆಗ್ಯಾದ. ಅದರ ಮ್ಯಾಲ ಯಾರು ನಡದ್ರೂ ಒಂದು ಕಾಲು ಕೆಳಗ, ಒಂದು ಕಾಲು ಮ್ಯಾಲ. ನಾ ಆಮ್ಯಾಲ ವಿಚಾರ ಮಾಡಿದೆ."

ವಾಟ ಎಂದರೆ ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರು. ಬಚ್ಚಲಿಗೆ ಅದು ಬೇಕು. ಪಡಸಾಲೆಗೆ ಬಂತೆಂದರೆ ಗೌಂಡಿಯ ಮಾನ ಹೋಯಿತು.

ಅವ್ವ ನಂಬಿದಳು. ನಂಬಿ ಸುಮ್ಮನಿರಲಿಲ್ಲ. ಸೊಸೆಯಾಗುವವಳ ಕಾಲಿಗೆ ಬಂದ ಹೆಸರು ತೊಳೆಯಬೇಕಲ್ಲ. ನಳದ ಹತ್ತಿರ, ಸಂತೆಯಲ್ಲಿ, ಸುರಪುರದ ಕಾಕಾನ ಮನೆಯಲ್ಲಿ ಎಲ್ಲ ಕಡೆ ಹೇಳಿದಳು. "ಹುಡುಗಿ ಬಂಗಾರದಂಥಾಕಿ, ಅಪ್ಪನ ನೆಲಾ ಡೊಂಕ." ಶಹಾಪುರ ತಲುಪುವ ಹೊತ್ತಿಗೆ ಅದು ಆ ಗೌಂಡಿ ಹಾಕಿದ ಪರಸಿಯ ಮೇಲೆ ನಡೆದರೆ ಮಂದಿ ಕುಂಟರಾಗುತ್ತಾರೆ ಎಂದಾಗಿತ್ತು.

ಮದುವೆ ಗೊತ್ತು ಮಾಡಲು ಹೋದ ದಿನ ಹುಡುಗಿಯ ಅಪ್ಪ ನನ್ನನ್ನು ಪಡಸಾಲೆಯ ನಡುವೆ ಕರೆದು ನಿಲ್ಲಿಸಿದರು. ಕಡಿಮೆ ಮಾತಿನ ಮನುಷ್ಯ. ಕೈಯಲ್ಲಿ ನೀರಿನ ತಂಬಿಗೆ ಇತ್ತು. ಬಗ್ಗಿ ನೀರನ್ನು ನೆಲದ ಮೇಲೆ ಸುರಿದರು. ನೀರು ಜೋಳದ ರೊಟ್ಟಿಯಂತೆ ದುಂಡಗೆ ಹರಡಿ ಅಲ್ಲೇ ನಿಂತಿತು. ಅದರಲ್ಲಿ ಮಾಳಿಗೆಯ ತೊಲೆ ಕಾಣುತ್ತಿತ್ತು, ನನ್ನ ಮುಖವೂ ಕಾಣುತ್ತಿತ್ತು.

"ನೀವ ಹೇಳ್ರಿ ಅಳಿಯಂದ್ರ. ಯಾ ಕಡಿ ಹರೀತದ?"

ನಮ್ಮವ್ವ ಪಕ್ಕದಲ್ಲೇ ನಿಂತಿದ್ದಳು. ಕಾಕಾನೂ ಬಂದಿದ್ದರು. ನೀರು ನಿಂತಿದೆ ಎಂದರೆ ನೆಲದ ಮಾತು ಸುಳ್ಳು. ನೆಲದ ಮಾತು ಸುಳ್ಳೆಂದರೆ ಮತ್ತೆ ಕಾಲಿನ ಮಾತು ಬರುತ್ತದೆ. ಕಾಲಿನ ಮಾತು ಬಂದರೆ ಟವೆಲಿನ ಕೆಳಗಿನ ಮಾತು ಬರುತ್ತದೆ. ನಾನು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಆ ನೀರನ್ನು ಬಹಳ ಹೊತ್ತು ನೋಡಿದವನಂತೆ ಮಾಡಿ, "ಬಾಗಲ ಕಡಿ ಜರಾ ಹೊಂಟದ್ರಿ ಮಾವ," ಎಂದೆ.

ಅವರು ನೀರು ನೋಡಿದರು, ನನ್ನನ್ನು ನೋಡಿದರು. "ಇರಬೇಕು ಬಿಡ್ರಿ," ಎಂದರು. ಹೆಗಲ ಮೇಲಿನ ವಸ್ತ್ರದಿಂದ ತಾವೇ ನೀರು ಒರೆಸಿದರು.

ಮದುವೆಯಾಯಿತು. ಪಂಚಮಿಗೆಂದು ತವರಿಗೆ ಹೋದ ನನ್ನ ಹೆಂಡತಿ ಬಂದು ಹೇಳಿದಳು, ಅಪ್ಪ ಪಡಸಾಲೆಯ ಪರಸಿಯನ್ನೆಲ್ಲ ಎಬ್ಬಿಸಿ ಮತ್ತೆ ಹಾಕಿದ್ದಾನೆ ಎಂದು. ಅಷ್ಟರಲ್ಲಿ ಜನ ಅವರಿಗೆ ವಾಟದ ಗೌಂಡಿ ಎಂದು ಹೆಸರಿಟ್ಟಿದ್ದರು. ಮನೆಯೊಳಗಿನ ನೆಲದ ಕೆಲಸಕ್ಕೆ ಅವರನ್ನು ಕರೆಯುವುದು ಕಡಿಮೆಯಾಯಿತು. ಕರೆದವರೂ ಕೆಲಸ ಮುಗಿದ ಮೇಲೆ ತಂಬಿಗೆ ತಂದು ಅವರ ಎದುರಿಗೇ ನೀರು ಸುರಿದು ನೋಡುತ್ತಿದ್ದರಂತೆ. ಬರಬರುತ್ತ ಅವರು ಬಚ್ಚಲು, ಬಟ್ಟೆ ಒಗೆಯುವ ಕಟ್ಟೆ, ಮೋರಿಯ ಕೆಲಸ ಮಾತ್ರ ಹಿಡಿದರು.

ಇನ್ನು ನನ್ನ ಹೆಂಡತಿಯ ವಿಷಯ. ಮದುವೆಯಾದ ಹೊಸದರಲ್ಲೇ ಅವಳು ಎಡಗಾಲಿನ ಚಪ್ಪಲಿಗೆ ಒಂದು ಅಟ್ಟೆ ಹೆಚ್ಚಿಗೆ ಹೊಲಿಸಿಕೊಂಡಳು. ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದದ್ದು ನಾನೇ. ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಎಡಕ್ಕೇನ್ರಿ, ಬಲಕ್ಕ?" ಎಂದು ಅವರು ಕೇಳಿದರೆ, "ಎಡಕ್ಕ," ಎಂದು ಹೇಳಿ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದಿದೆ. ಚಪ್ಪಲಿ ಸವೆದಂತೆಲ್ಲ ಹೊಸ ಜೋಡಿಗೂ ಹಾಗೇ ಮಾಡಿಸಿದೆ. ಅದರ ಫಲವೇನೆಂದರೆ, ಮನೆಯಲ್ಲಿ ಬರಿಗಾಲಲ್ಲಿ ಅವಳು ನೆಟ್ಟಗೆ ನಡೆಯುವಳು, ಚಪ್ಪಲಿ ಮೆಟ್ಟಿ ಹೊರಗೆ ಬಂದರೆ ಕುಂಟುವಳು. ಮನೆಯೊಳಗೆ ನಾನು ಸುಳ್ಳುಗಾರ, ಬೀದಿಯಲ್ಲಿ ಸತ್ಯವಂತ.

ಬೀದಿಯಲ್ಲಿ ಅವಳು ಯಾವಾಗಲೂ ನನ್ನ ಹಿಂದೆಯೇ ನಡೆಯುತ್ತಿದ್ದಳು. ಮದುವೆಯ ಮನೆಗಳಲ್ಲಿ ಪಂಕ್ತಿ ಎದ್ದು ಎಲ್ಲರೂ ಹೋಗುವವರೆಗೆ ಕುಳಿತೇ ಇರುತ್ತಿದ್ದಳು. ಇದನ್ನು ಗಂಡನ ಮೇಲಿನ ಮರ್ಯಾದೆ ಎಂದುಕೊಂಡು ನಾನು ಎದೆ ಮುಂದೆ ಮಾಡಿ ನಡೆಯುತ್ತಿದ್ದೆ. ಅವಳು ಮರೆಮಾಡಿಕೊಳ್ಳಲು ನನ್ನ ಬೆನ್ನನ್ನು ಆರಿಸಿಕೊಂಡಿದ್ದಳು ಎಂದು ತಿಳಿದದ್ದು ಯಾದಗಿರಿಯ ಆ ಕೋಣೆಯಲ್ಲಿ.

ಅಲ್ಲಿ ಒಂದು ದಿನ ಹುಡುಗಿ ಕುರ್ಚಿಯ ಕೆಳಗಿದ್ದ ಚಪ್ಪಲಿಯನ್ನು ಎತ್ತಿ ನೋಡಿದಳು. "ಆಯಿ, ಒಂದೇ ಚಪ್ಲಿ ಯಾಕ ದಪ್ಪ ಅದ?"

"ನಂದು ಹುಟ್ಟಾ ಎಡಗಾಲು ಗಿಡ್ಡ ಅದವಾ."

"ಯಾರು ಹೇಳ್ಯಾರ?"

"ನೋಡಿದವರು ಹೇಳ್ಯಾರ."

ಹುಡುಗಿ ಟೇಪು ತಂದಳು. ಸೊಂಟದ ಎಲುಬಿನ ತುದಿಯಿಂದ ಕಾಲಿನ ಹರಡಿನ ಕೀಲಿನವರೆಗೆ ಎರಡೂ ಕಾಲು ಅಳೆದಳು. ಮತ್ತೊಮ್ಮೆ ಅಳೆದಳು. "ಎರಡೂ ಒಂದೇ ಅವ. ಯಾರ ಕಾಲಾಗಾದ್ರೂ ನೂಲೆಳಿಯಷ್ಟು ಹೆಚ್ಚುಕಡಿಮಿ ಇರ್ತದ, ನಿಮ್ಮ ಕಾಲಾಗ ಅದೂ ಕಾಣವಲ್ದು. ಈ ಚಪ್ಲಿ ಹಾಕ್ಕೊಂಡೇ ನೀವು ಕುಂಟೀರಿ. ನಡೀವಾಗ ಒಂದು ಕಾಲು ಗಾಳ್ಯಾಗ ಇದ್ದಾಗ ಇಡೀ ಮೈಭಾರ ಇನ್ನೊಂದು ಕಾಲಿನ ಮ್ಯಾಲ ಇರ್ತದ. ಆಗ ನಡಾ ಒಂದು ಕಡಿ ಬೀಳದಂಗ ಸೊಂಟದ ಸ್ನಾಯು ಹಿಡ್ಕೊಂಡಿರ್ತಾವ, ತಕ್ಕಡಿ ದಂಡಿಗಿ ಹಿಡದಂಗ. ನೀವು ಒಂದು ತಟ್ಟಿಗೆ ಕಲ್ಲು ಇಟ್ಟೇ ಇಷ್ಟು ವರ್ಷ ತೂಗೀರಿ."

"ಅಳದದ್ದು ತಪ್ಪಿರಬೇಕು," ಎಂದಳು ನನ್ನ ಹೆಂಡತಿ.

"ಟೇಪು ಸುಳ್ಳು ಹೇಳಂಗಿಲ್ಲ ಆಯಿ."

"ಟೇಪು ಈಗ ಬಂದದ. ನಾ ಮೊದಲಿಂದ ಹಿಂಗೇ ಅದೀನಿ." ಅವಳು ಸೆರಗು ಹೊದ್ದುಕೊಂಡಳು. "ಏನ್ರಿ, ಆಟೋದಂವಗ ಫೋನ್ ಮಾಡ್ರಿ. ನಾಳಿಂದ ಬರಂಗಿಲ್ಲ ಅಂತನೂ ಹೇಳ್ರಿ."

ಹುಡುಗಿ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ. ದುರ್ದೈವಕ್ಕೆ ಆಗ ಕರೆಂಟು ಹೋಗಿ ಫ್ಯಾನು ನಿಂತಿತ್ತು, ನೋಡುವಂಥದ್ದೇನೂ ಇರಲಿಲ್ಲ.

"ನಿನ್ನ ಕಾಲು ಬರೋಬರಿ ಅದ," ಎಂದೆ. "ಆವತ್ತೂ ಬರೋಬರಿ ಇತ್ತು."

"ಯಾವತ್ತು?"

ಹೇಳಿದೆ. ಎತ್ತು, ಟವೆಲು, ಕಿರುಬೆರಳು, ಎಲ್ಲ ಹೇಳಿದೆ. ದನಿ ಸಣ್ಣಗೆ ಬರುತ್ತಿತ್ತು. ಕುತ್ತಿಗೆ ಪಟ್ಟಿಯ ಮುದುಕ ಕತ್ತು ಹೊರಳಿಸಲಾಗದೆ ಇಡೀ ಮೈಯನ್ನೇ ನಮ್ಮ ಕಡೆ ತಿರುಗಿಸಿ, "ಏನಂತ?" ಎಂದು ಡ್ರೈವರನ್ನು ಕೇಳಿದ.

"ಎತ್ತಿನ ವ್ಯಾಪಾರ್ರಿ," ಎಂದ ಡ್ರೈವರು. "ಸುಮ್ಮ ಕೇಳ್ರಿ, ಚಲೋ ನಡದದ."

"ಕಿರುಬೆರಳು ನೀವು ಹಿಡದ್ರಿ?" ಎಂದಳು ನನ್ನ ಹೆಂಡತಿ.

"ನಾನೇ ಹಿಡದೆ."

"ಆ ಮುದುಕ ಟವೆಲಿನ ಕೆಳಗ ತಂಬಾಕ ತಿಕ್ಕಾಕತ್ತಾನ ಅಂತ ನಮ್ಮವ್ವ ಹೇಳಿದ್ಲು." ಅವಳು ತನ್ನ ಪಾದಗಳನ್ನು ನೋಡಿಕೊಂಡಳು. "ಮತ್ತ ನೆಲಾ?"

"ನೆಲಾನೂ ಬರೋಬರಿ ಇತ್ತು."

"ನೀರು ಹರಿಲಿಲ್ಲ?"

"ಹರಿಲಿಲ್ಲ."

"ಅದು ನನಗ ಗೊತ್ತು," ಎಂದಳು. "ನೀವು ಬರೋ ಮುಂಜಾನಿ ಅಪ್ಪ ನನ್ನ ಮುಂದೂ ನೀರು ಹಾಕಿದ್ದ. ಹಾಕಿದಲ್ಲೇ ನಿಂತಿತ್ತು. ನೆಲಾ ಚಲೋ ಅದ ಅಂದ ಮ್ಯಾಲ ಕೆಟ್ಟದ್ದು ನನ್ನ ಕಾಲೇ ಇರಬೇಕು ಅಂದ್ಕೊಂಡೆ. ನನ್ನ ಐಬು ಮುಚ್ಚಾಕ ನೀವು ನೆಲದ ಮ್ಯಾಲ ಹಾಕೀರಿ, ಎಷ್ಟು ದೊಡ್ಡ ಮನಸಿನಂವ ಅಂದ್ಕೊಂಡೆ. ಅದಕ್ಕ ಇಷ್ಟು ವರ್ಷ ನಿಮ್ಮ ಮುಂದ ಬಾಯಿ ಬಿಡದಂಗ ಸಂಸಾರ ಮಾಡೀನಿ."

ಬಾಯಿ ಬಿಡದಂತೆ ಎಂಬ ಮಾತನ್ನು ನಮ್ಮ ಓಣಿಯವರು ಯಾರೂ ಒಪ್ಪುವುದಿಲ್ಲ. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ನನ್ನ ಒಂದು ಸುಳ್ಳು ಕಾಲಿನ ಮೇಲೆ, ಇನ್ನೊಂದು ನೆಲದ ಮೇಲೆ. ಅವಳ ಅಪ್ಪ ನೆಲದ ಸುಳ್ಳನ್ನು ನೀರು ಹಾಕಿ ಕೊಂದರೆ ಕಾಲಿನ ಸುಳ್ಳು ಇನ್ನಷ್ಟು ಗಟ್ಟಿಯಾಯಿತು. ಇದು ನನಗೆ ಎಂದೂ ಹೊಳೆದಿರಲಿಲ್ಲ.

"ತಪ್ಪಾಯ್ತು," ಎಂದೆ. ಕೈಯನ್ನೂ ಮುಗಿದೆ.

ಅವಳು ಸರಳು ಹಿಡಿದು ಎದ್ದು ನಿಂತಳು. ನಾನು ಆಸರೆಗೆ ಕೈ ಚಾಚಿದೆ.

"ನೀ ಅಲ್ಲೇ ಕುಂಡ್ರು," ಎಂದಳು. ಮದುವೆಯಾದಂದಿನಿಂದ ಅವಳು ನನ್ನನ್ನು ನೀನು ಎಂದದ್ದು ಅದೇ ಮೊದಲು. ನಾನು ಕುಳಿತೆ.

ಅವಳು ಬರಿಗಾಲಲ್ಲಿ ಹೊರಟಳು. ನನ್ನಿಂದ ದೂರ ಹೋಗುವುದಷ್ಟೇ ಅವಳಿಗೆ ಬೇಕಿತ್ತು ಎಂದು ಕಾಣುತ್ತದೆ. ಮೊದಲ ಹೆಜ್ಜೆಯಲ್ಲಿ ಮೈ ನಡುಗಿತು, ಎರಡನೆಯದರಲ್ಲಿ ಬಾಯಿ ಬಿಗಿಯಿತು. ಹುಡುಗಿ ಪಕ್ಕದಲ್ಲಿ ಹೆಜ್ಜೆ ಹಾಕುತ್ತ, "ಹಿಮ್ಮಡ ಮೊದಲ ಆಯಿ, ಹಿಮ್ಮಡ. ಕೆಳಗ ನೋಡಬ್ಯಾಡ್ರಿ, ಕನ್ನಡ್ಯಾಗ ನೋಡ್ರಿ," ಎನ್ನುತ್ತಿದ್ದಳು. ಬೆಂಚಿನವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವಳಿಗೆ ಅವರ ಪರಿವೆಯೇ ಇರಲಿಲ್ಲ. ಸಿಟ್ಟಿನಲ್ಲಿ ಅವರು ಮರೆತೇ ಹೋಗಿದ್ದರು. ಕನ್ನಡಿಯವರೆಗೆ ಹೋದಳು. ಅಲ್ಲಿ ನಿಂತು ತನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿಕೊಂಡಳು, ಮೊದಲು ಮುಖ, ಆಮೇಲೆ ಎಡಗಾಲು.

"ಬರೋಬರಿ ಹೊಂಟೀರಿ ನೋ‍ಡ್ರಿ ಆಯಿ," ಎಂದ ಡ್ರೈವರು.

"ಹೊಂಟೀನೇನು?" ಎಂದು ಕೇಳಿದಳು. ಅದು ಡ್ರೈವರಿಗೆ ಕೇಳಿದ್ದು. ನನಗಲ್ಲ.

ಆಮೇಲೆ ಅವಳು ದಿನವೂ ನಡೆದಳು, ಎಲ್ಲರ ಮುಂದೆ. ಸರಳಿನಿಂದ ವಾಕರಿಗೆ ಬಂದಳು, ವಾಕರಿನಿಂದ ಕೋಲಿಗೆ. ಬಲಗಾಲು ಸ್ವಲ್ಪ ದಿನ ಹಿಂದೆ ಬೀಳುತ್ತಿತ್ತು, ಅದು ಮುರಿದ ಕಾಲು, ಅದಕ್ಕೆ ಹಕ್ಕಿತ್ತು. ಎಡಗಾಲಿನ ದಪ್ಪ ಚಪ್ಪಲಿಯನ್ನು ನನ್ನ ಕೈಯಿಂದಲೇ ತಿಪ್ಪೆಗೆ ಹಾಕಿಸಿದಳು. ಚಹಾ ಮೊದಲಿನಂತೆ ಸಿಗುತ್ತಿತ್ತು, ಸಕ್ಕರೆ ಮಾತ್ರ ಕೇಳಿದರೆ ಬರುತ್ತಿತ್ತು. ನಾನು ಸುರಪುರದ ಕಾಕಾನ ಮಗನಿಗೆ ಫೋನು ಮಾಡಿ ಅವನಿಗೂ ತಪ್ಪಾಯ್ತೆಂದೆ. ಅವನು ಕೊಂಕಲ್ ಊರಿನ ಹೆಣ್ಣು ತಂದು, ಮೊಮ್ಮಕ್ಕಳನ್ನು ಕಂಡು, ಸುಖವಾಗಿದ್ದಾನೆ. ಬಹಳ ಹೊತ್ತು ನಕ್ಕು, "ಆವತ್ತಿನ ಮಿರ್ಚಿ ಭಜಿ ಮಾತ್ರ ಭಾರಿ ಇತ್ತು ನೋಡು," ಎಂದ. ಕಾಕಾ ಈಗಿಲ್ಲ. ಅವರ ಕ್ಷಮೆ ಕೇಳುವ ಅಗತ್ಯ ನನಗೆ ಕಾಣುವುದಿಲ್ಲ. ಅದೇ ಟವೆಲಿನ ಕೆಳಗೆ ಅವರು ಎಷ್ಟು ಕುಂಟ ಎತ್ತುಗಳನ್ನು ದಾಟಿಸಿದ್ದಾರೆಂದು ನನಗೆ ಗೊತ್ತು.

ಕೋಲು ಹಿಡಿದು ಅಂಗಳ ದಾಟುವಂತಾದ ಮೇಲೆ ಅವಳು, "ಶಹಾಪುರಕ್ಕ ನಡೀರಿ," ಎಂದಳು. ತವರಿನಲ್ಲಿ ಈಗ ಅವಳ ತಮ್ಮನ ಮಗನ ಸಂಸಾರ ಇದೆ. ಅಡುಗೆಮನೆಗೆ, ಕೋಣೆಗಳಿಗೆ ಹೊಳೆಯುವ ಟೈಲ್ಸ್ ಹಾಕಿಸಿದ್ದಾರೆ. ಪಡಸಾಲೆಯಲ್ಲಿ ಮಾತ್ರ ಅದೇ ಪರಸಿ, ಅವಳ ಅಪ್ಪ ಎಬ್ಬಿಸಿ ಮತ್ತೆ ಹಾಕಿದ್ದು. ಬಿಸಿಲಲ್ಲಿ ತಂಪಿರುತ್ತದೆಂದು ಉಳಿಸಿಕೊಂಡಿದ್ದೇವೆ ಎಂದ ಹುಡುಗ.

ಅವಳು ನೀರು ಕೇಳಿದಳು. ಆ ಮನೆಯ ಸೊಸೆ ತಂಬಿಗೆ ತಂದುಕೊಟ್ಟಳು, ಕುಡಿಯುವುದಕ್ಕೆಂದು. ಅವಳು ಪಡಸಾಲೆಯ ನಡುವೆ ನಿಂತು ನೀರನ್ನು ನೆಲಕ್ಕೆ ಸುರಿದಳು. ನೀರು ದುಂಡಗೆ ಹರಡಿ ನಿಂತಿತು.

"ಹೇಳ್ರಿ," ಎಂದಳು. "ಯಾ ಕಡಿ ಹರೀತದ?"

ನಾನು ಈ ಸಲ ಒಂದು ಕಣ್ಣು ಮುಚ್ಚಲಿಲ್ಲ. ಮೊಣಕಾಲೂರಲು ಮೊಣಕಾಲೂ ಒಪ್ಪಲಿಲ್ಲ. "ಎಲ್ಲಿಗೂ ಹರಿಯಂಗಿಲ್ಲ," ಎಂದೆ.

"ಜೋರಾಗಿ ಹೇಳ್ರಿ."

"ಎಲ್ಲಿಗೂ ಹರಿಯಂಗಿಲ್ಲ."

ಅವಳು ಕೋಲನ್ನು ನನ್ನ ಕೈಗೆ ಕೊಟ್ಟು, ಆ ನೀರನ್ನು ಬಳಸಿಕೊಂಡು ಬಾಗಿಲವರೆಗೆ ನಡೆದು ಹೋಗಿ ತಿರುಗಿ ಬಂದಳು. ಹಿಮ್ಮಡಿ, ಪಾದ, ಹೆಬ್ಬೆರಳು. ಬಲಗಡೆ ಒಂದಿಷ್ಟು ತಡ, ಎಡಗಡೆ ಏನೂ ಇಲ್ಲ. ಹಿಂದೆ ಚಹಾದ ತಾಟು ಹಿಡಿದು ಬಂದವಳ ನಡಿಗೆ ಅಲ್ಲಿ ಇನ್ನೂ ಇತ್ತು, ಮುದಿಯಾಗಿತ್ತು, ಅಷ್ಟೇ. ನಾನು ನೋಡಲೋ ಬೇಡವೋ ಎಂದು ನಿಂತಿದ್ದೆ.

"ನೋಡ್ರಿ, ನೋಡ್ರಿ," ಎಂದಳು. "ಈಗ ಯಾಕ ಮ್ಯಾಲ ನೋಡ್ತೀರಿ?"

ಅಷ್ಟರಲ್ಲಿ ಸೊಸೆ ಗಾಬರಿಯಾಗಿ ಬಟ್ಟೆ ತಂದಳು. "ಅತ್ತೀ, ಮತ್ತ ಜಾರಿಗೀರಿ ಬಿದ್ದೀರಿ," ಎನ್ನುತ್ತ ನೀರು ಒರೆಸತೊಡಗಿದಳು. ನಾನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡೆ. ಬಗ್ಗುವುದು ಕಷ್ಟವಾಯಿತು, ಆದರೂ ಒರೆಸಿದೆ. ಕಲ್ಲಿಗೆ ಕಲ್ಲು ಎಲ್ಲಿ ಕೂಡಿದೆ ಎಂದು ಬೆರಳಿಂದ ಹುಡುಕಿದೆ. ಸಂದು ಸಿಗಲಿಲ್ಲ.

ನೆಲದ ಮುಂದೆ ಹೇಳಿದ್ದು ಮನುಷ್ಯನ ಮುಂದೆ ಹೇಳಿದಂತಾಗುವುದಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಆ ನೆಲ ಹಾಕಿದವರು ನನಗೆ ಮಣೆ ಹಾಕಿದರು, ಅಳಿಯಂದ್ರ ಎಂದು ಕರೆದರು, ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದುಕೊಂಡೇ ಬಚ್ಚಲಿಗೆ ನಡೆದು ಹೋಗುತ್ತಿದ್ದರು. ಆಗಲೂ ನಾನು ಬಾಯಿ ತೆರೆಯಲಿಲ್ಲ. ನಾನು ತಪ್ಪಾಯ್ತೆಂದು ಹೇಳಲೇಬೇಕಿದ್ದೂ ಹೇಳದೆ ಉಳಿದವರು ಒಬ್ಬರೇ: ನಿಂತ ನೀರನ್ನು ಹರಿಯುತ್ತದೆ ಎಂದು ನಾನು ಹೇಳಿದಾಗ ಇರಬೇಕು ಬಿಡ್ರಿ ಎಂದವರು, ಊರು ವಾಟದ ಗೌಂಡಿ ಎಂದು ಕರೆದ ಶಹಾಪುರದ ಪರಸಿ ಗೌಂಡಿ, ನನ್ನ ಹೆಂಡತಿಯ ಅಪ್ಪ, ನನ್ನ ಮಾವ.